ಮಾವನ ಗಡಿಯಾರವೂ ನನ್ನ ಅರ್ಧ ನಿಂಬೆಹಣ್ಣೂ

ನನ್ನಿಂದ ಉಪ್ಪನ್ನು ಕಿತ್ತುಕೊಂಡವರು ಡಾಕ್ಟರು. ತೋಳಿಗೆ ಪಟ್ಟಿ ಸುತ್ತಿ, ಎರಡು ಸಲ ಗಾಳಿ ತುಂಬಿಸಿ, ಎರಡು ಸಲವೂ ತಲೆ ಅಲ್ಲಾಡಿಸಿ, "ಉಪ್ಪು ಅರ್ಧಕ್ಕೆ ಇಳಿಸಿ. ಸಪ್ಪೆ ಅನ್ನಿಸಿದರೆ ನಿಂಬೆಹಣ್ಣು ಹಿಂಡ್ಕೊಳ್ಳಿ" ಎಂದರು. ಅವರು ಹೇಳಿದ್ದು ಊಟದ ತಟ್ಟೆಯ ವಿಷಯ. ನಾನು ಅದನ್ನು ಇಡೀ ಮನೆಗೆ ಅನ್ವಯಿಸಿಕೊಂಡೆ.

(ನನ್ನ ಕಸುಬಿನ ದೋಷವಿದು. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ತಪ್ಪು ಕಂಡರೆ ಅಳಿಸದೆ ಬಿಡುವವನಲ್ಲ. ಕಾಣದಿದ್ದರೆ ಹುಡುಕಿ ಅಳಿಸುವವನು.)

ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ. ಮಧ್ಯಾಹ್ನ ತರಕಾರಿಯ ಮೇಲೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಜೊತೆಗೆ ಹುಳಿ ಇರಬೇಕು ಎಂದು ಓದಿದ್ದರಿಂದ ಸೊಪ್ಪಿನ ಮೇಲೆ ಎರಡು ಪಾಲು. ಹಿಂಡಿದ ಸಿಪ್ಪೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅದನ್ನು ಕೆಟಲ್ಲಿನಲ್ಲಿ ಕುದಿಸಿದೆ. ವರ್ಷಗಟ್ಟಲೆ ತಳಕ್ಕೆ ಕಚ್ಚಿಕೊಂಡಿದ್ದ ಸುಣ್ಣ ಕಳಚಿಕೊಂಡು ಬಂತು. ತರಕಾರಿ ಹೆಚ್ಚುವ ಮಣೆಗೆ ಉಜ್ಜಿದೆ. ಈರುಳ್ಳಿ ವಾಸನೆ ಪರಾರಿ. ಒಂದು ಹೋಳನ್ನು ಫ್ರಿಜ್ಜಿನಲ್ಲಿ ಕಾವಲಿಗೆ ಕೂರಿಸಿದೆ.

"ರೀ, ನಿಮ್ಮ ಪಕ್ಕ ಕೂತ್ರೆ ನೆಲ ಒರೆಸೋ ಬಟ್ಟೆ ಪಕ್ಕ ಕೂತ ಹಾಗಿರುತ್ತೆ" ಎಂದಳು ನನ್ನವಳು. "ಆ ಹಣ್ಣನ್ನ ಮೊದಲು ನಿಮ್ಮ ತಲೆಗೆ ತಿಕ್ಕೊಳ್ಳಿ."

"ತಲೆಹೊಟ್ಟಿಗೂ ಒಳ್ಳೇದಂತೆ ಕಣೇ!"

ಅವಳು ಹೇಳಿದ್ದು ಹೊಟ್ಟಿನ ವಿಷಯವಲ್ಲ ಎಂದು ನನಗೂ ಗೊತ್ತಿತ್ತು.

ಆದರೆ ಅವಳೂ ಒಂದು ದಿನ ಸೋತಳು. ಅವಳದು ಹೊಲಿಗೆ ಅಂಗಡಿ. ಗಿರಾಕಿಯ ಬಿಳಿ ಫ್ರಾಕಿಗೆ ಗುಂಡುಸೂಜಿಯ ತುಕ್ಕು ಹತ್ತಿ ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ನಾನು ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದೆ. ಸಂಜೆಗೆ ಕಲೆ ಮಾಯ. "ಪರವಾಗಿಲ್ವೇ" ಎಂದಳು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಇದು ನನಗೆ ದಕ್ಕಿದ ಮೂರನೆಯ 'ಪರವಾಗಿಲ್ವೇ'. ನಾನು ಕೆಟ್ಟದ್ದೇ ಅಲ್ಲಿ.

ಈಗ ನನ್ನ ಮಾವನ ವಿಷಯಕ್ಕೆ ಬರುತ್ತೇನೆ. ಗಡಿಯಾರ ರಿಪೇರಿಯಲ್ಲಿ ಆಯಸ್ಸು ಕಳೆದವರು. ಅತ್ತೆ ತೀರಿಕೊಂಡ ಮೇಲೆ, ಒಂದು ಸೂಟ್‌ಕೇಸು ಮತ್ತು ಒಂದು ಗೋಡೆ ಗಡಿಯಾರದ ಜೊತೆ ನಮ್ಮ ಮನೆಗೆ ಬಂದಿದ್ದರು. ಗಡಿಯಾರದ ಗಾಜಿನ ಸುತ್ತ ಹಿತ್ತಾಳೆಯ ಬಳೆ. ಭಾನುವಾರ ಬೆಳಿಗ್ಗೆ ಕುರ್ಚಿ ಎಳೆದು, ಗಾಜಿನ ಬಾಗಿಲು ತೆರೆದು, ಕೀ ಕೊಟ್ಟು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದರು. ಗಡಿಯಾರದ ಜೊತೆ ಕಳೆದಷ್ಟು ಹೊತ್ತನ್ನು ಅವರು ನನ್ನ ಜೊತೆ ಕಳೆದದ್ದಿಲ್ಲ. ನಮ್ಮಿಬ್ಬರ ಸಂಭಾಷಣೆ "ಊಟ ಆಯ್ತಾ ಮಾವ?" "ಆಯ್ತು" ಎಂಬಲ್ಲಿಗೆ ಮುಗಿಯುತ್ತಿತ್ತು. ಊಟ ಆಗದ ದಿನವೂ ಅಷ್ಟೇ: "ಇಲ್ಲ."

ಅವರು ನನ್ನನ್ನು ಮೆಚ್ಚಬೇಕು ಎಂಬ ಆಸೆ ನನಗೆ ಮದುವೆಯ ದಿನದಿಂದಲೂ ಇತ್ತು. ಐವತ್ಮೂರರಲ್ಲೂ ಅದು ಹೋಗಿರಲಿಲ್ಲ. (ಕಾನ್ವೆಂಟಿನಲ್ಲಿ ಸಿಸ್ಟರ್ ಸಾಲಾಗಿ ನಿಲ್ಲಿಸಿ ಉಗುರು ನೋಡುವಾಗಲೂ ನನಗೆ ಇದೇ ಆಸೆ, ಇದೇ ನಡುಕ.)

ಶನಿವಾರ ಬೆಳಿಗ್ಗೆ ಮಾವ ಕ್ಷೌರಕ್ಕೆ ಹೋದರು. ನನ್ನವಳು ಅಂಗಡಿಗೆ ಹೋಗಿದ್ದಳು. ನಾನು ಗಡಿಯಾರ ನೋಡಿದೆ. ಬಳೆಯೆಲ್ಲ ಮಂಕಾಗಿತ್ತು, ಬಲಗಡೆ, ಮೂರು ಗಂಟೆಯ ಪಕ್ಕ, ಕಾಸಿನಗಲ ಒಂದು ಕಪ್ಪು ಕಲೆ. ಗಡಿಯಾರದವರ ಸ್ವಂತ ಗಡಿಯಾರಕ್ಕೆ ಈ ಗತಿಯೇ! ಅರ್ಧ ನಿಂಬೆಹಣ್ಣನ್ನು ಉಪ್ಪಿನಲ್ಲಿ ಅದ್ದಿ ಕುರ್ಚಿ ಹತ್ತಿದೆ. ಬಳೆ ಐದು ನಿಮಿಷದಲ್ಲಿ ಬಂಗಾರವಾಯಿತು. ಆ ಕಲೆ ಮಾತ್ರ ಹಟಮಾರಿ. ಇನ್ನಷ್ಟು ಉಪ್ಪು ಹಾಕಿ ಅರ್ಧ ಗಂಟೆ ಉಜ್ಜಿದೆ. ಡಾಕ್ಟರು ನನಗೆ ಬೇಡವೆಂದ ಉಪ್ಪನ್ನೆಲ್ಲ ಅದಕ್ಕೇ ತಿನ್ನಿಸಿದೆ. ಕೊನೆಗೆ ಸೋತಿತು.

ಮಾವ ಬಂದರು. ಚಪ್ಪಲಿ ಬಿಟ್ಟರು. ಗೋಡೆ ನೋಡಿದರು. ನಾನು ಮೆಚ್ಚುಗೆಗಾಗಿ ಹಲ್ಲು ಕಿರಿದುಕೊಂಡು ನಿಂತಿದ್ದೆ. ಅವರು ಕುರ್ಚಿ ಹತ್ತಿ ಮೂರು ಗಂಟೆಯ ಪಕ್ಕ ಬೆರಳಾಡಿಸಿದರು. ಬೆರಳು ಮೂಸಿದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಊಟ ಆಯ್ತಾ ಮಾವ?" ಎಂದೆ ಮಧ್ಯಾಹ್ನ, ಬಾಗಿಲಿಗೆ. ಒಳಗಿನಿಂದ "ಇಲ್ಲ" ಕೂಡ ಬರಲಿಲ್ಲ.

ನನ್ನವಳು ಬಂದು ಗೋಡೆ ನೋಡಿದವಳೇ ಚೀಲ ಕೆಳಗೆ ಹಾಕಿದಳು. "ಅಯ್ಯೋ, ಅಮ್ಮನ ಹೆಬ್ಬೆರಳು!"

"ಯಾವ ಹೆಬ್ಬೆರಳು?"

"ನಲವತ್ತು ವರ್ಷ ಪ್ರತಿ ಭಾನುವಾರ ಕೀ ಕೊಡ್ತಿದ್ದದ್ದು ಅಮ್ಮ. ಬಾಗಿಲು ತೆಗೆಯೋಕೆ ಹೆಬ್ಬೆರಳು ಅಲ್ಲೇ ಇಡ್ತಿದ್ದಳು. ಅಪ್ಪ ಊರವರ ಗಡಿಯಾರ ಎಲ್ಲ ಪಾಲಿಶ್ ಮಾಡಿದರೂ ಅದನ್ನ ಮುಟ್ಟಿರಲಿಲ್ಲ. ಅದನ್ನೇ ಅಳಿಸಿದ್ರಲ್ಲ! ಅಳಿಯ ಅಂತ ಹೆಸರಿಟ್ಟದ್ದು ಇದಕ್ಕೇ ಇರಬೇಕು."

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಆ ದಿನ ಕೈ ಮೇಲೇಳಲಿಲ್ಲ. ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಾಗಿ ಅಳಿಸಿದರೆ ಮುಂದಿನ ಮುದ್ರಣದಲ್ಲಿ ಸರಿಪಡಿಸಬಹುದು. ಇದು ಒಂದೇ ಪ್ರತಿ ಇದ್ದ ಪುಸ್ತಕ. ಬರೆದವರು ಇಲ್ಲ. ಓದುತ್ತಿದ್ದವರು ಒಬ್ಬರೇ, ಅವರು ಬಾಗಿಲು ಹಾಕಿಕೊಂಡಿದ್ದರು. ನಮ್ಮ ಮನೆಯಲ್ಲಿ ಕಲೆ ಯಾವುದು, ಗುರುತು ಯಾವುದು ಎಂದು ಒಮ್ಮೆ ಯಾರನ್ನಾದರೂ ಕೇಳಬಹುದಿತ್ತು. ನನ್ನ ಕೈಯಲ್ಲಿ ನಿಂಬೆಹಣ್ಣು ಇತ್ತು, ಕೇಳಲಿಲ್ಲ.

ಸಂಜೆ ಬಾಗಿಲು ತಟ್ಟಿ ಒಳಗೆ ಹೋದೆ. "ಮಾವ, ಗೊತ್ತಿರಲಿಲ್ಲ. ತಪ್ಪಾಯ್ತು."

ಅವರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ಉಜ್ಜಿದ ಮೇಲೆ ನೀರಲ್ಲಿ ಒರೆಸಿದ್ರಾ?"

"ಇಲ್ಲ."

"ನಾಳಿದ್ದಿಗೆ ಹಸಿರಾಗುತ್ತೆ. ಒದ್ದೆ ಬಟ್ಟೆ ತನ್ನಿ. ಒಣಗಿದ್ದೂ ಒಂದು."

ಇಬ್ಬರೂ ಸೇರಿ ಒರೆಸಿದೆವು. ಅವರು ಕುರ್ಚಿ ಹಿಡಿದುಕೊಂಡರು. ಆಮೇಲೆ ಬಂದು ಊಟಕ್ಕೆ ಕೂತರು.

ಮರುದಿನ ಭಾನುವಾರ. ಮಾವ ಕೀ ನನ್ನ ಕೈಗೆ ಕೊಟ್ಟರು.

"ಹತ್ತಿ, ಅಳಿಯಂದಿರೇ. ಹೆಬ್ಬೆರಳು ಅಲ್ಲಿಡಿ. ಅಲ್ಲಲ್ಲ, ಇನ್ನೂ ಮೇಲೆ. ಹಾಂ. ಇನ್ಮೇಲೆ ಪ್ರತಿ ವಾರ ನೀವೇ."

"ಎಷ್ಟು ದಿನಕ್ಕೆ ಗುರುತು ಬರುತ್ತೆ ಮಾವ?"

"ಅವಳಿಗೆ ನಲವತ್ತು ವರ್ಷ ಹಿಡೀತು."

ನಲವತ್ತು ವರ್ಷ! ಕೊಲೆ ಮಾಡಿದವನಿಗೂ ಅಷ್ಟು ಹಾಕುವುದಿಲ್ಲ. ಶಿಕ್ಷೆ ಮುಗಿಯುವ ಹೊತ್ತಿಗೆ ನನಗೆ ತೊಂಬತ್ತಮೂರು. ಅಲ್ಲಿಯವರೆಗೆ ಬದುಕಿರಬೇಕಾದ್ದರಿಂದ ಬೆಳಗಿನ ನಿಂಬೆನೀರನ್ನು ಇನ್ನಷ್ಟು ಶ್ರದ್ಧೆಯಿಂದ ಕುಡಿಯುತ್ತಿದ್ದೇನೆ. ಭಾನುವಾರ ಮಾತ್ರ ಹಣ್ಣು ಹಿಂಡುವವಳು ನನ್ನವಳು. ಯಾಕೆಂದರೆ ಕುರ್ಚಿ ಹತ್ತುವ ಮುಂಚೆ ಮಾವ ನನ್ನ ಕೈ ಹಿಡಿದು ಹೆಬ್ಬೆರಳು ಮೂಸುತ್ತಾರೆ. ಸಿಸ್ಟರ್ ಕೂಡ ಇಷ್ಟು ಹತ್ತಿರ ಬಂದಿರಲಿಲ್ಲ. ಗುರುತು ಬೇಗ ಬರಲೆಂದು ಒಂದು ವಾರ ದಿನವೂ ಒತ್ತಿದೆ. ಅದಕ್ಕೂ ಬೈಸಿಕೊಂಡೆ: "ದಿನಾ ಮುಟ್ಟಿದ್ರೆ ಹಿತ್ತಾಳೆ ಹೊಳಪಾಗುತ್ತೆ ಕಣ್ರೀ. ಆಗಾಗ ಮುಟ್ಟಿ ಬಿಟ್ಟರೇನೇ ಕಪ್ಪಾಗೋದು. ಕಾಯ್ಬೇಕು."

ಒಟ್ಟು ಲೆಕ್ಕ ಹಾಕಿದರೆ, ಹಿಂದಿನ ಇಪ್ಪತ್ತೆರಡು ವರ್ಷಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವರು ಈ ಮೂರು ತಿಂಗಳಲ್ಲಿ ನನ್ನೊಂದಿಗೆ ಆಡಿದ್ದಾರೆ. ಎಲ್ಲವೂ ಬೈಗುಳವೇ, ನಿಜ. ಆದರೂ ಭಾನುವಾರ ಬಂತೆಂದರೆ ನಾನು ಬೇಗ ಏಳುತ್ತೇನೆ.

ಕಳೆದ ವಾರ ಕೀ ಕೊಟ್ಟಾದ ಮೇಲೆ, ಮಾವ ತಮ್ಮ ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ತಾವೇ ಕುರ್ಚಿ ಹತ್ತಿ ಮೂರು ಗಂಟೆಯ ಪಕ್ಕಕ್ಕೆ ಬಾಗಿದರು. ಬಹಳ ಹೊತ್ತು ನೋಡಿದರು. ಅವರ ತುಟಿಯ ತುದಿಯಲ್ಲಿ ಏನೋ ಅಲುಗಿತು.

"ಗುರುತು ಬಂತಾ ಮಾವ?"

"ಬಂದಿದೆ."

"ಇಷ್ಟು ಬೇಗ?"

"ಮೂರು ತಿಂಗಳ ಹಿಂದೇನೇ ಬಂದಿದೆ" ಎಂದರು ಮಾವ, ಭೂತಗನ್ನಡಿ ತೆಗೆದು ನನ್ನ ಕೈಗಿಡುತ್ತಾ. "ನೋಡಿ, ಎಲ್ಲಾ ಕಡೆ ಗೀರು. ಉಪ್ಪಿನದು. ಅವಳ ಗುರುತಿಗೆ ನಲವತ್ತು ವರ್ಷ ಬೇಕಾಯ್ತು. ನಿಮಗೆ ಅರ್ಧ ಗಂಟೆ ಸಾಕಾಯ್ತು. ಇದು ಇನ್ನು ಯಾವ ನಿಂಬೆಹಣ್ಣಿಗೂ ಹೋಗಲ್ಲ."