ಅವ್ವನ ಬಿಸ್ಕಿಟ್ ಕಸಿದ ಫಾರ್ವರ್ಡ್ ಸಂದೇಶದವರಿಗೆ

ಸನ್ಮಾನ್ಯ ಫಾರ್ವರ್ಡ್ ಸಂದೇಶ ಸಾಹೇಬರೇ,

ಘಟಪ್ರಭಾದ ನಿವೃತ್ತ ವಿಜ್ಞಾನ ಶಿಕ್ಷಕ ಗೊಮ್ಮಟೇಶನ ಸಾಷ್ಟಾಂಗ ನಮಸ್ಕಾರಗಳು. ತಂದೆ-ತಾಯಿಯ ಹೆಸರಿಲ್ಲದೆ ಹುಟ್ಟಿ, ಟಿಕೆಟ್ಟಿಲ್ಲದೆ ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನು ಅರ್ಧ ಗಂಟೆಯಲ್ಲಿ ಸುತ್ತಿಬರುವ ತಮ್ಮ ಆರೋಗ್ಯ ಚೆನ್ನಾಗಿಯೇ ಇರಬೇಕು. ನಮ್ಮ ಮನೆಯಲ್ಲಿ ಮಾತ್ರ ಯಾರದೂ ನೆಟ್ಟಗಿಲ್ಲ.

ಕಳೆದ ಸೋಮವಾರ ತಾವು ನನ್ನ ಮೊಬೈಲಿಗೆ ದಯಮಾಡಿಸಿ, ಬಿಸ್ಕಿಟ್ ಪಾಕೀಟಿನ ಮೇಲಿನ ೪೭೧ ಎಂಬ ಅಂಕಿ ಅಂದರೆ ಹಂದಿಯ ಕೊಬ್ಬು ಎಂದು ಆರು ಕೆಂಪು ದೀಪಗಳ ಚಿತ್ರ ಸಮೇತ ಸಾರಿದಿರಿ. ಮೂವತ್ನಾಲ್ಕು ವರ್ಷ ಮಕ್ಕಳಿಗೆ 'ಪ್ರಶ್ನೆ ಕೇಳ್ರಲೇ' ಎಂದು ಗದರಿಸಿದ ಚಟ ನೋಡಿ, ತಮ್ಮನ್ನು ನೆಂಟರ ಗ್ರೂಪಿಗೆ ಹಾಕಿ, ಕೆಳಗೆ 'ಇದು ಖರೆ ಏನ್ರಿ? ಯಾರರ ತಪಾಸ ಮಾಡೀರೇನು?' ಎಂದು ಕೇಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಪ್ರಶ್ನೆಯನ್ನು ಯಾರೂ ಓದಲಿಲ್ಲ, ಕಳಿಸಿದವನ ಹೆಸರನ್ನು ಎಲ್ಲರೂ ಓದಿದರು. ತಾವು ಮಮದಾಪುರ ಸುತ್ತಿ, ಕೊಣ್ಣೂರಿನ ನಮ್ಮ ಅಕ್ಕನ ಫೋನು ಹತ್ತಿ, ಸಂಜೆಯೊಳಗೆ 'ಘಟಪ್ರಭಾದ ವಿಜ್ಞಾನ ಮಾಸ್ತರೊಬ್ಬರು ಸ್ವತಃ ಪರೀಕ್ಷೆ ಮಾಡಿ ಹೇಳಿದ್ದು' ಎಂಬ ಬಾಲ ಅಂಟಿಸಿಕೊಂಡು ನಮ್ಮ ಅವ್ವನ ಕಿವಿ ಸೇರಿದಿರಿ.

ನಮ್ಮ ಅವ್ವ ಜಿನ್ನವ್ವ, ವಯಸ್ಸು ಎಂಬತ್ತೆರಡು, ಹಲ್ಲು ಎರಡು. ಜೈನರ ಮನೆಯವಳು, ಗಡ್ಡೆ-ಗೆಣಸು ಮುಟ್ಟಿದವಳಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತಿದವಳಲ್ಲ. ಆಕೆಯ ಏಕೈಕ ವಿಲಾಸವೆಂದರೆ ನಾಲ್ಕು ಗಂಟೆಯ ಚಹಾದಲ್ಲಿ ಅದ್ದಿದ ಎರಡು ಬಿಸ್ಕಿಟ್. ಅಂಥವಳು ಇಷ್ಟು ವರ್ಷ ತಿಂದದ್ದಕ್ಕೆಲ್ಲ ಪ್ರಾಯಶ್ಚಿತ್ತವೆಂದು ಉಪವಾಸ ಕೂತಳು. ಮೂರು ದಿನ ಬರೀ ಕಾಸಿದ ನೀರು. ಮೂರನೆಯ ದಿನ ಏಳಲು ನನ್ನ ಹೆಗಲು ಹಿಡಿದಳು, ಆ ಕೈಯಲ್ಲಿ ತೂಕವೇ ಇರಲಿಲ್ಲ. ಹೆದರಿಬಿಟ್ಟೆ ಸ್ವಾಮೀ, ಖರೇನ ಹೆದರಿಬಿಟ್ಟೆ.

ನಾನೂ ಸುಮ್ಮನೆ ಕೂತವನಲ್ಲ. ೪೭೧ ಸಸ್ಯದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ, ಸಸ್ಯಾಹಾರದ ಹಸಿರು ಚುಕ್ಕೆ ಇದ್ದ ಪಾಕೀಟಿನಲ್ಲಿ ಪ್ರಾಣಿಯದನ್ನು ಬಳಸುವಂತಿಲ್ಲ ಎಂದು ಭೂತಗನ್ನಡಿ ಹಿಡಿದು ತೋರಿಸಿದೆ. ಕಂಪನಿಗೆ ಇ-ಮೇಲ್ ಬರೆದು, 'ತಾಳೆ ಎಣ್ಣೆಯದು' ಎಂಬ ಉತ್ತರ ತರಿಸಿ, ಗಟ್ಟಿಯಾಗಿ ಓದಿದೆ. ಅವ್ವ ಎಲ್ಲವನ್ನೂ ಕೇಳಿ, 'ನಿನಗೇನ್ ತಿಳಿತೈತೋ ತಮ್ಮಾ, ಇಲ್ಲೇ ಘಟಪ್ರಭಾದಾಗ ದೊಡ್ಡ ಮಾಸ್ತರ ಅದಾರಂತ, ಅವ್ರು ಪರೀಕ್ಷೆ ಮಾಡಿ ಹೇಳ್ಯಾರ' ಎಂದಳು. ಆ ಮಾಸ್ತರ ನಾನೇ ಎಂದರೆ, 'ಹುಚ್ಚಪ್ಪ, ನೀ ಎಲ್ಲಿ, ಅವ್ರೆಲ್ಲಿ' ಎಂದು ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

ಕೊನೆಗೆ ತಮ್ಮ ವಿದ್ಯೆಗೇ ಶರಣಾದೆ. ಹಸಿರು ಚುಕ್ಕೆಯ ಸಂಗತಿಯನ್ನು ಹುಟ್ಟೇ ಇರದ ದಿಲ್ಲಿಯ ವಿಜ್ಞಾನಿಯೊಬ್ಬರ ಬಾಯಿಗೆ ತುರುಕಿ, ಕೆಂಪು ದೀಪ ಹಚ್ಚಿ, 'ಹನ್ನೊಂದು ಜನಕ್ಕೆ ಕಳಿಸಿ' ಎಂದು ಬರೆದು, ನನ್ನ ಹೆಸರು ಕಾಣದಂತೆ ಬೇರೊಬ್ಬರ ಫೋನಿನಿಂದ ಕೊಣ್ಣೂರಿನ ಕಡೆ ಅಟ್ಟಿದೆ. ಮರುದಿನ ನಾಲ್ಕಕ್ಕೆ ಅಕ್ಕನ ಫೋನು ಬಂತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಅವ್ವ ಬಿಸ್ಕಿಟ್ ಅದ್ದಿದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆದ್ದರಿಂದ ತಾವು ಹೋದ ದಾರಿಯಲ್ಲೇ ಹಿಂದಿರುಗಿ, ಹೊಕ್ಕ ಮನೆಮನೆಯಲ್ಲೂ ತಪ್ಪಾಯಿತೆಂದು ಕೈಮುಗಿದು, ಬಸದಿಯ ಕಟ್ಟೆಯ ಮೇಲೆ ಮೂರು ದಿನ ಕಾಸಿದ ನೀರು ಕುಡಿದು ಕೂರಬೇಕೆಂದು ವಿನಂತಿ.

ತಮ್ಮನ್ನು ಎಂದೂ ನಂಬದ, ಆದರೂ
ತಮ್ಮ ವಿಶ್ವಾಸಿ,
ಗೊಮ್ಮಟೇಶ ಮಾಸ್ತರ

ತಾ.ಕ.: ನಾನು ಬಿಟ್ಟ ಸಂದೇಶ ಮೊನ್ನೆ ಮೂಡಲಗಿಯಿಂದ ಮರಳಿ ಬಂತು. ಅದರಲ್ಲೀಗ ೪೭೧ ಮೊಳಕಾಲು ನೋವಿಗೆ ದಿವ್ಯೌಷಧ ಎಂದಿದೆ. ಅವ್ವ ದಿನಕ್ಕೆ ಎಂಟು ತಿನ್ನುತ್ತಿದ್ದಾಳೆ. ಸಾಕು ಎಂದರೆ, 'ದಿಲ್ಲಿ ಸಾಹೇಬ್ರು ಹೇಳ್ಯಾರ, ನೀ ಬಾಯಿ ಮುಚ್ಚು' ಎನ್ನುತ್ತಾಳೆ.