ಆಚಾರಿಯ ಅಮಾಸೆ ಧ್ಯಾನ

ಶೀಳನೆರೆಯ ಬಡಗಿ ಚಿಕ್ಕಸ್ವಾಮಿ ಆಚಾರಿ ಅಮಾವಾಸ್ಯೆಯ ದಿನ ಬಾಯಿ ಬಿಡುವುದಿಲ್ಲವಂತೆ ಎಂಬ ಸುದ್ದಿ ಅಮಾವಾಸ್ಯೆಗೆ ವಾರ ಮೊದಲೇ ಬೀದಿಯ ಎಲ್ಲ ಮನೆಗೂ ತಲುಪಿತ್ತು. ತಲುಪಿಸಿದವಳು ಎದುರುಮನೆಯ ದೊಡ್ಡತಾಯಮ್ಮ. ಅವಳ ಕಿವಿಗೆ ಬೆಳಿಗ್ಗೆ ಬಿದ್ದದ್ದು ಸಂಜೆ ಹಾಲಿನ ಡೇರಿ ಮುಚ್ಚುವ ಮೊದಲು ಊರಿಗೆಲ್ಲ ಹಂಚಿಕೆಯಾಗುತ್ತಿತ್ತು.

ಚಿಕ್ಕಸ್ವಾಮಿಯ ಬಾಯಿ ಸಾಮಾನ್ಯದ್ದಲ್ಲ. ಅವನು ಅಂಗಳದಲ್ಲಿ ನಿಂತು ಕೂಗಿದರೆ ಡೇರಿಯಲ್ಲಿ ಸಾಲು ನಿಂತವರು ಕ್ಯಾನು ಕೆಳಗಿಟ್ಟು ಕೇಳುತ್ತಿದ್ದರು. ಕೆಟ್ಟವನಲ್ಲ, ಪಾಪ. ಕೂಗಿದ ಸ್ವಲ್ಪ ಹೊತ್ತಿಗೆ ತಾನೇ ಮರೆತುಬಿಡುತ್ತಿದ್ದ. ಆದರೆ ಕೇಳಿಸಿಕೊಂಡವರು ಮರೆಯಬೇಕಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೆಂಟರ ಮುಂದೆ ಕೂಗಾಡಿದ ದಿನ ಹೆಂಡತಿ ರಾಧಾಮಣಿ ನಾಲ್ಕು ಸೀರೆ ಬ್ಯಾಗಿಗೆ ತುಂಬಿಕೊಂಡು, ನಾಗಮಂಗಲ ಸೀಮೆಯ ತವರೂರು ಹೊಣಕೆರೆಗೆ ಹೊರಟುಹೋದಳು. ಆಗಿನಿಂದ ಚಿಕ್ಕಸ್ವಾಮಿ ತಾನೇ ಮುದ್ದೆ ತೊಳಸಿ, ಗಂಟುಗಂಟಾಗಿದ್ದನ್ನು ನುಂಗಿ, ಯಾರನ್ನು ಬಯ್ಯಬೇಕೆಂದು ತಿಳಿಯದೆ ಕೂತಿರುತ್ತಿದ್ದ.

ರಾಜಿಗೆ ಬಂದವಳು ಮಗಳು ಸಹನ. ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದ ಅವಳು ಅಪ್ಪನ ಫೋನಿಗೆ ಒಂದು ಧ್ಯಾನದ ಆ್ಯಪ್ ಹಾಕಿಕೊಟ್ಟಳು. ಅದು ಚಂದ್ರನನ್ನು ನೋಡಿಕೊಂಡು ಮಾಡುವ ಧ್ಯಾನ.

"ಹುಣ್ಣಿಮೆಯಿಂದ ಸುರು ಮಾಡಪ್ಪ. ಚಂದ್ರ ದಿನಾ ಸವೆದಂಗೆ ನಿನ್ ಕೋಪಾನೂ ಸವೀಬೇಕು. ಕೂತ್ಕೊಂಡು ಉಸ್ರು ನೋಡೋದು, ಅಷ್ಟೇಯ. ಅಮಾಸೆ ದಿನ ಮಾತ್ರ ಒತ್ತುಟ್ಟಿದಾಗಿಂದ ಒತ್ತು ಮುಳುಗೋಗಂಟ ಪೂರ್ತಿ ಮೌನ. ಸನ್ನೇನೂ ಮಾಡಂಗಿಲ್ಲ. ಸಿಟ್ಟು ಬಂದ್ರೆ ಬಂತು ಅಂತ ನೋಡು, ಓಯ್ತು ಅಂತ ನೋಡು."

"ಓಗ್ದೆ ಇದ್ರೆ?"

"ಇನ್ನೊಂದ್ಸಲ ಉಸ್ರು ನೋಡು. ಅವ್ವ ಏನಂದವ್ಳೆ ಗೊತ್ತಾ? ಅಮಾಸೆ ಒಂದಿನ ಬಾಯಿ ಬುಡ್ದೆ ಇದ್ರೆ ಬಿದಿಗೆಗೆ ಬತ್ತೀನಿ, ಇಲ್ದಿದ್ರೆ ನನ್ನ ಮರ್ತ್‌ಬುಡ್ಲಿ ಅಂತ. ಸಾಕ್ಷಿಗೆ ದೊಡ್ಡತಾಯಮ್ಮಜ್ಜಿ ಇರ್ತದೆ."

ಅಮಾವಾಸ್ಯೆಯ ದಿನ ಆಚಾರಿಗಳು ಉಳಿ ಮುಟ್ಟುವುದಿಲ್ಲ. ಹಾಗಾಗಿ ಕೆಲಸದ ಅಡ್ಡಿಯೂ ಇರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಚಿಕ್ಕಸ್ವಾಮಿ ಮಿಂದು, ಸಾಕ್ಷಿಗೆ ಚೆನ್ನಾಗಿ ಕಾಣಲೆಂದು ಜಗಲಿಯ ಮೇಲೇ ಚಾಪೆ ಹಾಸಿ ಕಣ್ಣು ಮುಚ್ಚಿದ. ಎದುರು ಜಗಲಿಯಲ್ಲಿ ದೊಡ್ಡತಾಯಮ್ಮ ಮೊರದಲ್ಲಿ ಅವರೆಕಾಯಿ, ಮಡಿಲಲ್ಲಿ ಫೋನು ಇಟ್ಟುಕೊಂಡು ಕೂತಳು.

ಮೊದಲು ಬಂದವನು ಪಕ್ಕದ ಮನೆಯ ಮಂಚಯ್ಯ. ಅವನ ಕಣ್ಣು ಬಹಳ ದಿನದಿಂದ ಆಚಾರಿಯ ಹಿತ್ತಲಲ್ಲಿ ಒಣಗುತ್ತಿದ್ದ ಹೊನ್ನೆ ಹಲಗೆಯ ಮೇಲಿತ್ತು.

"ಆಚಾರ್ರೇ, ಕೊಟ್ಟಿಗೆ ಬಾಗ್ಲು ಮುರ್ದೋಗದೆ. ಈ ಅಲಗೆ ತಗಂಡೋಗ್ತೀನಿ. ಬ್ಯಾಡ ಅಂದ್ರೆ ಈಗ್ಲೇ ಬಾಯ್ಬುಟ್ಟು ಏಳ್ಬುಡಿ."

ಚಿಕ್ಕಸ್ವಾಮಿ ಉಸಿರು ನೋಡಿದ. ಅದು ಬುಸುಗುಡುತ್ತಿತ್ತು.

"ಬ್ಯಾಡ ಅನ್ನಾಕಿಲ್ಲ ಅಂತ ನಂಗೊತ್ತಿತ್ತು. ದೊಡ್ ಮನಸು ನಿಮ್ದು," ಎಂದು ಮಂಚಯ್ಯ ಹಲಗೆಯನ್ನು ಹೆಗಲಿಗೇರಿಸಿದ. ಆ ಹಲಗೆ ಸಹನಳ ಮದುವೆಯ ಮಂಚಕ್ಕೆಂದು ಎತ್ತಿಟ್ಟದ್ದು. ಸಿಟ್ಟು ಬಂತು ಎಂದು ಚಿಕ್ಕಸ್ವಾಮಿ ನೋಡಿದ. ಹೋಯಿತು ಎಂದು ನೋಡಲು ಬಹಳ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಟ್ರಾಕ್ಟರಿನ ಧರ್ಮೇಂದ್ರ ಬಂದ. ಅಮಾವಾಸ್ಯೆ ಬಂತೆಂದರೆ ಅವನು ಟ್ರಾಕ್ಟರಿಗೆ ಪೂಜೆ ಮಾಡಿ, ದೃಷ್ಟಿ ತೆಗೆದು ಬೂದುಗುಂಬಳ ಒಡೆಯಬೇಕು. ತನ್ನ ಬಾಗಿಲ ಮುಂದೆ ಒಡೆಯಲು ಅವನ ತಾಯಿ ಬಿಡುವುದಿಲ್ಲ. ಬೇರೆಯವರ ಬಾಗಿಲಲ್ಲಿ ಒಡೆದರೆ ಹೊಡೆದಾಟ. ಇವತ್ತು ಅವನು ನೆಟ್ಟಗೆ ಆಚಾರಿಯ ಹೊಸಿಲ ಮುಂದೆ ಟ್ರಾಕ್ಟರು ನಿಲ್ಲಿಸಿದ.

"ಚಿಕ್ಕಸ್ವಾಮಣ್ಣ, ನೀನು ಧ್ಯಾನದಲ್ಲಿದ್ದೀಯ. ನಿಂಗೆ ದೃಷ್ಟಿ ಗಿಷ್ಟಿ ತಾಕಾಕಿಲ್ಲ," ಎಂದವನೇ ಕುಂಬಳಕಾಯಿಯನ್ನು ಎತ್ತಿ ಕುಕ್ಕಿದ. ಕುಂಕುಮ ಕಲಸಿದ ಹೋಳೊಂದು ಹಾರಿ ಬಂದು ಚಿಕ್ಕಸ್ವಾಮಿಯ ಮಡಿಲಲ್ಲಿ ಕೂತಿತು. ಅವನ ಗಂಟಲಲ್ಲಿ ಒಂದು ಕೂಗು ಅರ್ಧ ದಾರಿ ಮೇಲೆ ಬಂತು. ಅರೆಗಣ್ಣಿಗೆ ದೊಡ್ಡತಾಯಮ್ಮನ ಕೈ ಫೋನಿನ ಕಡೆ ಹೋಗುವುದು ಕಂಡಿತು. ಅವನು ಕೂಗನ್ನು ಗುಳಿಗೆಯಂತೆ ನುಂಗಿದ.

ಮಧ್ಯಾಹ್ನದ ಹೊತ್ತಿಗೆ ಪಂಚಾಯ್ತಿ ಮೆಂಬರು ಮಹದೇವಸ್ವಾಮಿ ಗುದ್ದಲಿಯವರನ್ನು ಕರೆದುಕೊಂಡು ಬಂದ. ಬೀದಿಯ ಚರಂಡಿ ನೀರಿಗೆ ದಾರಿ ಬೇಕಿತ್ತು. ತಮ್ಮ ಹಿತ್ತಲಲ್ಲಿ ಬೇಡವೆಂದು ಎಲ್ಲರೂ ಹೇಳಿದ್ದರು.

"ಚರಂಡೀನ ನಿಮ್ ಹಿತ್ಲು ಕಡೆ ತಿರುಗಿಸ್ತಾ ಇವ್ನಿ, ಆಚಾರ್ರೇ. ತಕರಾರಿದ್ರೆ ಏಳಿ." ಒಂದು ನಿಮಿಷ ಕಾದು ಅವನು ಕೆಲಸದವರತ್ತ ತಿರುಗಿದ. "ಇಲ್ವಂತೆ. ತೋಡ್ರಪ್ಪ."

ಗುದ್ದಲಿ ಏಟು ಒಂದೊಂದೂ ಚಿಕ್ಕಸ್ವಾಮಿಯ ಎದೆಗೇ ಬಿತ್ತು. ಹಿತ್ತಲಿನ ಕರಿಬೇವಿನ ಗಿಡ, ರಾಧಾಮಣಿ ಕೈಯಾರೆ ನೆಟ್ಟದ್ದು, ಬೇರುಸಹಿತ ಬಂತು. ಆಗ ಅವನಿಗೆ ಒಂದು ವಿಚಾರ ಹೊಳೆಯಿತು. ಹಲಗೆ, ಕುಂಬಳಕಾಯಿ, ಚರಂಡಿ, ಇಷ್ಟೆಲ್ಲ ಒಂದೇ ದಿನ ತಾನಾಗಿ ಆಗುವುದುಂಟೆ? ಇದು ರಾಧಾಮಣಿಯ ಕೆಲಸ. ಹೊಣಕೆರೆಯಲ್ಲಿ ಕೂತು ಫೋನಿನಲ್ಲಿ ಎಲ್ಲರನ್ನೂ ಛೂ ಬಿಟ್ಟು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ. ಹಾಗಂದುಕೊಂಡ ಕೂಡಲೇ ಅವನಿಗೆ ಸಮಾಧಾನವಾಯಿತು. ಪರೀಕ್ಷೆಯಾದರೆ ಪಾಸಾಗಬಹುದು. ಅಂದಿನ ಧ್ಯಾನದಲ್ಲಿ ಅವನಿಗೆ ಸಿಕ್ಕ ಶಾಂತಿ ಅದೊಂದೇ.

ಬಿಸಿಲು ಇಳಿಯುತ್ತಿದ್ದಾಗ ಶಿವುವಿನ ಆಟೋ ಬಂದು ಬಾಗಿಲಲ್ಲಿ ನಿಂತಿತು. ಇಳಿದವಳು ರಾಧಾಮಣಿ. ಬೀದಿಯವರೆಲ್ಲ ಹೊಸಿಲಿಗೆ ಬಂದರು. ತವರಿನಿಂದ ಅಮಾವಾಸ್ಯೆ ದಿನ ಯಾವ ಹೆಂಗಸೂ ಹೊರಡುವುದಿಲ್ಲ. ಅವಳ ತಲೆ ಕೆದರಿತ್ತು, ಕಣ್ಣು ಕೆಂಪಾಗಿತ್ತು.

"ಏನ್ರೀ, ಏಳ್ರೀ. ನಮ್ಮಣ್ಣ ದೇವರಾಜು ನನ್ ಪಾಲಿನ ಅಲಸಿನ ಮರಕ್ಕೆ ಗರಗಸ ಹಾಕ್ಸವ್ನೆ. ನಮ್ಮವ್ವ ನೆಟ್ಟಿದ್ ಮರ ಕಣ್ರೀ. ಎರಡು ಕೊಂಬೆ ಆಗ್ಲೇ ಉರುಳ್ಸವ್ನೆ. ನಾನು ಕೈ ಮುಗ್ದೆ, ಕೇಳ್ಲಿಲ್ಲ. ಅವ್ನು ಈ ಪ್ರಪಂಚದಲ್ಲಿ ಎದ್ರೋದು ನಿಮ್ ಬಾಯಿಗೊಂದೇಯ."

ಚಿಕ್ಕಸ್ವಾಮಿ ರೆಪ್ಪೆಯ ಸಂದಿಯಿಂದ ನೋಡಿದ. ಎಷ್ಟು ಚೆನ್ನಾಗಿ ಮಾಡುತ್ತಿದ್ದಾಳೆ, ಕಣ್ಣೀರು ಕೂಡ ತಂದುಕೊಂಡಿದ್ದಾಳೆ ಎಂದುಕೊಂಡ. ತೆಂಗಿನ ಗರಿಗಳ ಆಚೆ ಹೊತ್ತು ಇನ್ನೂ ಎರಡಾಳೆತ್ತರ ಮೇಲಿತ್ತು.

"ಧ್ಯಾನ ಗೀನ ಬುಟ್ಟಾಕಿ. ನಾನೇ ಅಂತಾ ಇವ್ನಿ ಅಲ್ವಾ. ಆಟೋದಲ್ಲಿ ಕೂತ್ಕಳಿ, ಮರ ಬೀಳೋಕ್ ಮುಂಚೆ ಓಗ್ಬುಡವ. ಅಲ್ಲಿ ನಿಂತ್ಕಂಡು ಒಂದೇ ಒಂದ್ಸಲ ಕೂಗಿ. ಇವತ್ತೇ ನಿಮ್ ಜೊತೆ ಮನೆಗ್ ಬಂದ್ಬುಡ್ತೀನಿ. ಇನ್ಮೇಲೆ ನೀವು ಎಷ್ಟಾರ ಕೂಗಾಡ್ಕಳಿ, ನಾನು ತುಟಿಕ್ ಪಿಟಿಕ್ ಅನ್ನಾಕಿಲ್ಲ."

ಈ ಕೊನೆಯ ಮಾತು ಕೇಳಿದ ಮೇಲೆ ಚಿಕ್ಕಸ್ವಾಮಿಗೆ ಅನುಮಾನವೇ ಉಳಿಯಲಿಲ್ಲ. ಎಷ್ಟಾದರೂ ಕೂಗಾಡಿ ಎಂದು ರಾಧಾಮಣಿ ನಿಜವಾಗಿ ಹೇಳುವುದುಂಟೆ? ಇದೇ ಕೊನೆಯ ಪ್ರಶ್ನೆ. ಅವನು ಎದೆ ತುಂಬ ಉಸಿರೆಳೆದುಕೊಂಡು, ಆ್ಯಪ್‌ನಲ್ಲಿ ಹೇಳಿಕೊಟ್ಟಿದ್ದ ಹಾಗೆ, ತುಟಿಯಂಚಿನಲ್ಲಿ ಸಣ್ಣಗೆ ನಕ್ಕ.

ರಾಧಾಮಣಿ ಆ ನಗುವನ್ನು ನೋಡಿದಳು. ತಾಯಿ ನೆಟ್ಟ ಮರ ಬೀಳುತ್ತಿದೆ ಎಂದರೆ ಗಂಡ ನಗುತ್ತಿದ್ದಾನೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಆಟೋ ಹತ್ತಿದಳು. ಶಿವು ಗಾಡಿ ತಿರುಗಿಸಿಕೊಂಡು ಹೊಣಕೆರೆಯತ್ತ ಕೆ.ಆರ್. ಪೇಟೆ ರಸ್ತೆಗೆ ಬಿಟ್ಟ.

ಹೊತ್ತು ಮುಳುಗಿತು. ಚಿಕ್ಕಸ್ವಾಮಿ ಕಣ್ಣು ಬಿಟ್ಟು, ಮರಗಟ್ಟಿದ ಕಾಲನ್ನು ಎಳೆದುಕೊಂಡು ಎದುರು ಜಗಲಿಗೆ ಹೋದ. ದಿನವಿಡೀ ಆಡದ ನಾಲಿಗೆ ತೊದಲಿತು.

"ನೋಡ್ದೇನವ್ವ? ಒಂದ್ಸಲ ಬಾಯಿ ಬುಟ್ನಾ? ಎಲ್ಲಾ ಪರೀಕ್ಷೇಲೂ ಪಾಸು."

"ಯಾವ ಪರೀಕ್ಷೆ ಕಣಪ್ಪ?" ದೊಡ್ಡತಾಯಮ್ಮ ಅವರೆಕಾಯಿ ಸಿಪ್ಪೆ ಒತ್ತಟ್ಟಿಗೆ ಸರಿಸಿದಳು. "ನೀನು ಇವತ್ತು ಮಾತಾಡಾಕಿಲ್ಲ ಅಂತ ಊರೋರ್ಗೆಲ್ಲಾ ಗೊತ್ತಿತ್ತು, ಅದ್ಕೇ ಒಬ್ಬೊಬ್ರೂ ಬಂದ್ರು. ದೇವರಾಜೂ ಬೆಳಗ್ಗೇನೇ ಫೋನ್ ಮಾಡಿದ್ದ. ಬಾವ ಕೂತ್ಕಂಡ್ರಾ ಅಮ್ಮ, ಸಂಜೆಗಂಟ ಏಳಾಕಿಲ್ಲ ತಾನೆ ಅಂದ. ಕೂತವ್ನೆ ಕಣಪ್ಪ, ಏಳಾಕಿಲ್ಲ ಅಂದೆ. ಪಾಪ, ವಿಚಾರಿಸ್ತಾವ್ನಲ್ಲ ಅನ್ಕಂಡೆ."

ಹಾಗಾದರೆ ಹಲಸಿನ ಮರದ ಮಾತು ನಿಜ. ಚಿಕ್ಕಸ್ವಾಮಿ ಹೆಂಡತಿಗೆ ಫೋನು ಹಚ್ಚಿದ. ಅವಳು ಎತ್ತಿದಳು. ಆಟೋ ಸದ್ದಿನ ನಡುವೆ ಬಿಕ್ಕುವ ಸದ್ದು ಕೇಳಿತು. ತಪ್ಪಾಯಿತು ಎನ್ನಲು ಬಾಯಿ ತೆರೆದ. ಆದರೆ ಹುಣ್ಣಿಮೆಯಿಂದ ಕೂಡಿಟ್ಟದ್ದೆಲ್ಲ, ಹಲಗೆ, ಕುಂಬಳಕಾಯಿ, ಚರಂಡಿ ಸಮೇತ, ಒಂದೇ ಸಲ ಹೊರಗೆ ನುಗ್ಗಿತು.

"ನಿಲ್ಸೇ ಆಟೋನ! ಕಿವಿ ಕೇಳಾಕಿಲ್ವಾ ನಿಂಗೆ? ನಿಲ್ಸು ಅಂದ್ರೆ ನಿಲ್ಸ್‌ಬೇಕು!"

ಡೇರಿಯ ಮುಂದೆ ಕ್ಯಾನುಗಳು ಒಂದೊಂದಾಗಿ ಕೆಳಗಿಳಿದವು.

ಆ ಕಡೆ ಬಿಕ್ಕು ನಿಂತಿತು.

"ನಮ್ಮಣ್ಣನ್ ಮುಂದೆ ಬರ್ದೆ ಇದ್ದ ಬಾಯಿ ನನ್ ಮುಂದೆ ಬಂತಾ?" ಎಂದು ರಾಧಾಮಣಿ ಫೋನಿಟ್ಟಳು.