ಕುರ್ಚಿಗೊಂದು ರವಿಕೆ ಕಣ

ನನ್ನ ಕುರ್ಚಿಗೆ ಮರಣದಂಡನೆ ವಿಧಿಸಿದವಳು ನನ್ನ ಹೆಂಡತಿ ಪಂಕಜಾಕ್ಷಿ. ಅಪೀಲಿಗೆ ಅವಕಾಶವಿರಲಿಲ್ಲ. (ನಮ್ಮ ಮನೆಯಲ್ಲಿ ಅದು ಯಾವತ್ತೂ ಇರಲಿಲ್ಲ.)

ಬೆಳಗೋಡಿನ ಹತ್ತಿರ ಎಸ್ಟೇಟ್ ಬಂಗಲೆಯೊಂದರ ಸಾಮಾನು ಹರಾಜಾದಾಗ ನಮ್ಮಪ್ಪ ಕೂಗಿ ತಂದ ಕುರ್ಚಿ ಅದು. ದೊರೆ ಕೂತಿದ್ದ ಕುರ್ಚಿ ಅಂತ ಅಪ್ಪ ಹೇಳುತ್ತಿದ್ದರು. (ದೊರೆಯ ಲೆಕ್ಕ ಬರೆಯುತ್ತಿದ್ದ ರೈಟರ್ ಕೂತಿದ್ದು ಅಂತ ಊರವರು ಹೇಳುತ್ತಿದ್ದರು.) ಬೆಳಗಿನ ಕಾಫಿಯನ್ನು ಅದರ ಮೇಲೆ ಕೂತು ಕುಡಿದರೇ ನನಗೆ ಕಾಫಿ ಕುಡಿದಂತೆ. ಆದರೆ ಈಗೀಗ ರೆಕ್ಸಿನ್ ಹರಿದು, ಒಳಗಿನ ನಾರು ಆಚೆ ಬಂದು, ಒಂದು ಸ್ಪ್ರಿಂಗು ಕೂತವರನ್ನು ಕೇಳಬಾರದ ಜಾಗದಲ್ಲಿ ವಿಚಾರಿಸಿಕೊಳ್ಳುತ್ತಿತ್ತು. ಶ್ರಾವಣದ ಶುಕ್ರವಾರ ಸಂಜೆ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುತ್ತಾರೆ, ಅಷ್ಟರೊಳಗೆ ಇದು ಹಂಡೆ ಒಲೆ ಸೇರಿರಬೇಕು ಎಂದು ಅಪ್ಪಣೆ ಕೊಟ್ಟು ಅವಳು ಕುಂದೂರಿನ ತವರಿಗೆ ಹೋದಳು.

ಕೊಡಲಿ ಹುಡುಕುವ ಮೊದಲು ಸಂಕಟಕ್ಕೆ ಮೊಬೈಲ್ ಹಿಡಿದೆ. ನೋಡಿದರೆ, ಯಾರೋ ಪುಣ್ಯಾತ್ಮರು ಮುರುಕು ಕುರ್ಚಿಯೊಂದಕ್ಕೆ ಬಣ್ಣಬಣ್ಣದ ಬಟ್ಟೆ ತುಂಡು ಜೋಡಿಸಿ ಹೊದಿಸಿ, ಅದನ್ನು ಸಿಂಹಾಸನವನ್ನಾಗಿಯೇ ಮಾಡಿಬಿಟ್ಟಿದ್ದರು. ಪ್ಯಾಚ್‌ವರ್ಕ್ ಅಂತೆ. ನನಗೆ ಮೈ ಜುಮ್ಮೆಂದಿತು. ವರ್ಷ ವರ್ಷ ಕಾಫಿ ಮೂಟೆ ಹೊಲಿದ ಕೈ ಇದು. ದಬ್ಬಣ ಇದೆ, ದಾರ ಇದೆ, ಸ್ಪ್ರಿಂಗಿನ ಬಾಯಿ ಮುಚ್ಚಿಸಲು ಗೋಣಿಚೀಲ ಇದೆ. ಇನ್ನು ಬೇಕಾದದ್ದು ಬಟ್ಟೆಯೊಂದೇ.

ಬೀರು ತೆಗೆದೆ. ಕೆಳಗಿನ ಅರೆಯಲ್ಲಿ ರವಿಕೆ ಕಣಗಳ ಗುಡ್ಡವೇ ಇತ್ತು. ಮದುವೆ, ಸೀಮಂತ, ಗೃಹಪ್ರವೇಶ ಅಂತ ಹೋದಲ್ಲೆಲ್ಲ ತಾಂಬೂಲದ ಜೊತೆ ಅವಳಿಗೆ ಬಂದವು. ಒಂದನ್ನಾದರೂ ಹೊಲಿಸಿ ಹಾಕಿಕೊಂಡಿದ್ದು ನಾನು ಕಾಣೆ. ಬೇಡದ ಬಟ್ಟೆ ಎಂದು ಸರ್ವಾನುಮತದಿಂದ ತೀರ್ಮಾನಿಸಿದೆ. (ಸಭೆಯಲ್ಲಿ ನಾನೊಬ್ಬನೇ ಇದ್ದೆ.)

ಆಮೇಲೆ ಊಟ ನಿದ್ದೆ ಯಾವುದೂ ನೆನಪಾಗಲಿಲ್ಲ. ಗಿಳಿಹಸಿರಿನ ಪಕ್ಕ ಕುಂಕುಮಗೆಂಪು, ಅದರ ಪಕ್ಕ ಅಂಚಿನಲ್ಲಿ ಜರಿಯಿದ್ದ ನೇರಳೆ. ಒಂದೊಂದು ತುಂಡು ಕೂತಾಗಲೂ ಎದ್ದು ದೂರ ನಿಂತು ನೋಡುತ್ತಿದ್ದೆ. ಮುಗಿದಾಗ ಕುರ್ಚಿ ಮದುವಣಗಿತ್ತಿಯ ಹಾಗೆ ಕಂಡಿತು. ಅಪ್ಪ ಇದ್ದಿದ್ದರೆ ಎಂದು ನಿಜಕ್ಕೂ ಕಣ್ಣು ತುಂಬಿ ಬಂತು.

ಶುಕ್ರವಾರ ಹೊತ್ತು ಇಳಿದ ಮೇಲೆ ಬಂದ ಪಂಕಜಾಕ್ಷಿ ಕುರ್ಚಿಯನ್ನು ಒಂದು ಸುತ್ತು ಹಾಕಿದಳು. “ಚೆನ್ನಾಗೈತೆ ಕಣ್ರೀ” ಅಂದಳು. ನಾನು ಉಬ್ಬಿಹೋದೆ. ಬಟ್ಟೆ ಎಲ್ಲಿಂದ ತಂದಿರಿ ಎಂದಳು. ಬೀರುವಿನ ಕೆಳಗಿನ ಅರೆ ಎಂದು ಎದೆ ಸೆಟೆಸಿಕೊಂಡೇ ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಅವನ್ನ ಯಾರಾದ್ರೂ ಹೊಲಿಸ್ತಾರೇನ್ರೀ? ಅವು ಕೊಡೋಕೆ ಇರೋವು. ಇವತ್ತು ಸಂಜೆ ಬರೋರಿಗೆ ಏನ್ ಕೊಡ್ಲಿ, ಕುರ್ಚಿ ಕೈ ಕಿತ್ತು ಕೊಡ್ಲಾ?”

ಒಂದು ಮನೆಯಲ್ಲಿ ಬಂದದ್ದು ಇನ್ನೊಂದು ಮನೆಗೆ ಹೋಗಬೇಕಂತೆ, ಯಾರದು ಯಾರಿಗೆ ಎಂಬುದು ಗುಟ್ಟಾಗಿರಬೇಕಂತೆ. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮಹಾಶಾಸ್ತ್ರ ನನಗೆ ತಿಳಿದಿರಲಿಲ್ಲ. ಅಂಗಡಿಗೆ ಓಡೋಣವೆಂದರೆ ಆಗಲೇ ಹೆಂಗಸರು ಬಾಗಿಲಲ್ಲಿದ್ದರು. ಕುರ್ಚಿಯ ಮೇಲೆ ದುಪ್ಪಟಿ ಎಳೆದೆವು.

ಬಂದವರಲ್ಲಿ ಹಿರಿಯರಾದ ವಿಶಾಲಮ್ಮ ನೇರ ಹೋಗಿ ಅದರ ಮೇಲೇ ಕೂತರು. ದುಪ್ಪಟಿ ಜಾರಿತು. ಪಕ್ಕದ ಮನೆಯ ಗಂಗಾಮಣಿ ಬಗ್ಗಿ ನೋಡಿ, ಈ ನೇರಳೆ ಕಣ ನಾನು ಪಂಕಜಕ್ಕನಿಗೆ ಕೊಟ್ಟಿದ್ದು ಎಂದಳು. “ಅದನ್ನ ನಿಂಗೆ ಕೊಟ್ಟಿದ್ದು ನಾನಲ್ವೇನೆ?” ಅಂದರು ವಿಶಾಲಮ್ಮ. ವಿಶಾಲಮ್ಮನಿಗೆ ಅದನ್ನು ಕೊಟ್ಟಿದ್ದ ನೇತ್ರಾವತಿ ಮೂಲೆಯಲ್ಲಿ ಕೆಮ್ಮಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಂಕಜಾಕ್ಷಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗ ವಿಶಾಲಮ್ಮ ಕುರ್ಚಿ ಅಲುಗಾಡುವಂತೆ ನಕ್ಕರು. “ಪಾಪ, ಮನೆಮನೆ ತಿರುಗಿ ಸುಸ್ತಾಗಿತ್ತು. ಕೊನೆಗೆ ಒಂದ್ ಕಡೆ ಕೂತ್ಕತು ಬುಡು.”

ಎಲ್ಲರೂ ನಕ್ಕರು. ಇವತ್ತಿಗೆ ವೀಳ್ಯದೆಲೆ, ತೆಂಗಿನಕಾಯಿ ಸಾಕು ಎಂದು ತೀರ್ಪಾಯಿತು. ಅಷ್ಟೇ ಅಲ್ಲ, ಎಲ್ಲರ ಬೀರುವಿನಲ್ಲೂ ಇಂಥದೇ ಗುಡ್ಡ, ಎಲ್ಲರ ಅಟ್ಟದಲ್ಲೂ ಮುರುಕು ಕುರ್ಚಿ! ಮಾರನೇ ದಿನ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಕುಣಿದುಬಿಟ್ಟೆ. ತೋಟದ ಕೆಲಸ ಬಿಟ್ಟು ಹಗಲೆಲ್ಲ ಹೊಲಿದೆ. ಕೂಲಿ ಕೇಳಲು ಕಲಾವಿದನ ನಾಲಿಗೆ ಏಳಲಿಲ್ಲ. ಅವರೇ ತಿಳಿದು ಕೊಟ್ಟರು, ನನಗಲ್ಲ, ಪಂಕಜಾಕ್ಷಿಗೆ. ಕುರ್ಚಿ ಒಯ್ಯಲು ಬಂದ ಒಬ್ಬೊಬ್ಬರೂ ಅವಳ ಹಣೆಗೆ ಕುಂಕುಮವಿಟ್ಟು, ತೆಂಗಿನಕಾಯಿ, ಬಾಳೆಹಣ್ಣು, ಜೊತೆಗೊಂದು ಹೊಸ ರವಿಕೆ ಕಣ ಕೊಟ್ಟು ಹೋದರು. ಬೀರುವಿನ ಅರೆ ಮೊದಲಿಗಿಂತ ಚೆನ್ನಾಗಿ ತುಂಬಿದೆ.

ಕೊನೆಯ ಕುರ್ಚಿ ಕಳಿಸಿ, ಸೊಂಟ ಹಿಡಿದುಕೊಂಡು, ಕಾಫಿ ಲೋಟದೊಂದಿಗೆ ನನ್ನ ಸಿಂಹಾಸನದ ಕಡೆ ನಡೆದೆ. ಪಂಕಜಾಕ್ಷಿ ತೋಳು ಹಿಡಿದು ನಿಲ್ಲಿಸಿದಳು.

“ಅದ್ರ ಮೇಲೆ ಕೂರಂಗಿಲ್ಲ ಕಣ್ರೀ. ಮುತ್ತೈದೇರ ಕಣ ಐತೆ, ಗಂಡಸ್ರು ಕೂರಬಾರ್ದು ಅಂತ ವಿಶಾಲಮ್ಮ ಹೇಳವ್ರೆ.”

ಅಂತೂ ಅಪ್ಪನ ಕುರ್ಚಿ ಉಳಿಯಿತು. ನಾನು ಈಗ ಬೆಳಗಿನ ಕಾಫಿ ಕುಡಿಯುವುದು ಹಂಡೆ ಒಲೆಯ ಮುಂದೆ, ಸೌದೆಯ ಮೇಲೆ ಕೂತು.